ರೇಟಿಂಗ್ ಕಡಿಮೆ ಇದ್ದರೂ ಟಿವಿ ಶೋಗಳಿಗೆ ಇನ್ನೊಂದು ಸೀಸನ್ ಯಾಕೆ ಸಿಗುತ್ತದೆ?

ಶೋ ತರುವ ದುಡ್ಡೆಲ್ಲ ರೇಟಿಂಗ್‌ನಲ್ಲಿ ಕಾಣುವುದಿಲ್ಲ, ಅದಕ್ಕೇ. ಜಾಹೀರಾತು ಒಂದು ಭಾಗ ಅಷ್ಟೇ. ಅಮೆರಿಕದಲ್ಲಿ ಎಷ್ಟೋ ಶೋಗಳ ವಿಷಯದಲ್ಲಿ, ತಯಾರಿಸುವ ಸ್ಟುಡಿಯೋ, ಪ್ರಸಾರ ಮಾಡುವ ಚಾನೆಲ್ ಎರಡೂ ಒಂದೇ ಕಂಪನಿಯವು. ಜಾಹೀರಾತಿನಲ್ಲಿ ಕೈಬಿಟ್ಟ ದುಡ್ಡನ್ನು ಅವರು ಸ್ಟ್ರೀಮಿಂಗ್‌ಗೆ, ಹೊರದೇಶಗಳಿಗೆ, ಮರುಪ್ರಸಾರಕ್ಕೆ ಹಕ್ಕು ಮಾರಿ ಗಳಿಸಬಹುದು.

ಮರುಪ್ರಸಾರಕ್ಕೆ ಕೊಳ್ಳುವವರಿಗೆ ಮಾತ್ರ ಕಂತುಗಳು ರಾಶಿ ಬೇಕು. ಅಲ್ಲಿ ಹಿಂದಿನಿಂದ ಬಂದ ಲೆಕ್ಕ ಸುಮಾರು 100. ವಾರಕ್ಕೆ ಐದರಂತೆ ಹಾಕಿದರೆ 20 ವಾರ ಓಡುತ್ತದೆ. ಹಾಗಿರುವಾಗ 80 ಕಂತು ಮುಗಿಸಿದ ಶೋವನ್ನು ಸುಮ್ನೆ ನಿಲ್ಲಿಸಿದರೆ ನಷ್ಟವೇ ಜಾಸ್ತಿ, ಅಲ್ವಾ? ಅದರ ಜಾಗಕ್ಕೆ ತರುವ ಹೊಸ ಶೋ ಇನ್ನೂ ಕೆಳಗೆ ಬೀಳಬಹುದು, ಅದಕ್ಕೆ ಪ್ರಚಾರದ ಖರ್ಚು ಬೇರೆ.