ಎಡಪುಟದ ಲೆಕ್ಕ, ಬಲಪುಟದ ಮಾತು

"ಓದೋಕೇ ಆಗ್ತಿಲ್ಲ ಮೇಡಂ. ಅಕ್ಷರ ಕಾಣುತ್ತೆ, ಒಳಗೆ ಇಳಿಯಲ್ಲ."

ಆಪ್ತಸಮಾಲೋಚನೆಗೆಂದು ಮೊದಲ ದಿನ ನನ್ನ ಎದುರು ಬಂದು ಕೂತವರು ಹೇಳಿದ ಮೊದಲ ಮಾತು ಇದು. ಗಂಡ ತೀರಿಕೊಂಡು ಏಳು ತಿಂಗಳಾಗಿದೆ ಎಂದು ಹೇಳಿದ್ದು ಅರ್ಧ ಗಂಟೆ ಕಳೆದ ಮೇಲೆ.

ಊರಲ್ಲಿ ಎಲ್ಲರೂ ಅವರನ್ನು 'ಟೀಚರ್' ಎಂದೇ ಕರೆಯುತ್ತಿದ್ದರಂತೆ. ನಾನೂ ಹಾಗೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು ಅರವತ್ತು ದಾಟಿದೆ. ಸಾಗರದ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದರು. ಯಜಮಾನರದು ಎರಡು ಎಕರೆ ಅಡಿಕೆ ತೋಟ. ಅವರು ಹೋದ ಮೇಲೆ ತೋಟವನ್ನು ಮೈದುನನಿಗೆ ಒಪ್ಪಿಸಿ, ಮಗ ಇವರನ್ನು ಬೆಂಗಳೂರಿಗೆ ಕರೆತಂದ. ಒಂಬತ್ತನೇ ಮಹಡಿಯ ಫ್ಲ್ಯಾಟ್. ಮಗ, ಸೊಸೆ ಇಬ್ಬರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. "ಜಗಳ ಆಗಿದ್ರೆ ಅಳೋಕೆ ಒಂದು ನೆಪನಾದ್ರೂ ಸಿಗ್ತಿತ್ತು" ಎಂದರು.

ಓದು ಅವರಿಗೆ ಎಳವೆಯಿಂದ ಬಂದದ್ದು. ಮದುವೆಯಾಗಿ ಬಂದ ಮನೆಗೆ ವಾರಪತ್ರಿಕೆ ಬರುತ್ತಿದ್ದುದು ಮಧ್ಯಾಹ್ನದ ಬಸ್ಸಿನಲ್ಲಿ. ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿಟ್ಟುಕೊಂಡು, ಕಥೆ ಮುಗಿದ ಮೇಲೆ ದಬ್ಬಣದಲ್ಲಿ ತೂತು ಮಾಡಿ ಹುರಿ ಹಾಕಿ ಹೊಲಿಯುತ್ತಿದ್ದರು. ಹಾಗೆ ಹೊಲಿದ ಕಾದಂಬರಿಗಳೇ ಒಂದು ಟ್ರಂಕು ತುಂಬ ಇದ್ದವು. ಹೆರಿಗೆ, ಅತ್ತೆಯ ಕಾಯಿಲೆ, ಎರಡು ಸಲ ವರ್ಗಾವಣೆ, ಎಲ್ಲವನ್ನೂ ಪುಸ್ತಕ ಹಿಡಿದುಕೊಂಡೇ ದಾಟಿದವರು. ಈಗ ಅದೂ ಕೈಬಿಟ್ಟಿತು ಅನ್ನುವುದೇ ಅವರಿಗೆ ದೊಡ್ಡ ಭಯವಾಗಿತ್ತು.

ಇಲ್ಲಿಗೆ ಬರಲು ಅವರು ಹಿಂಜರಿಯಲಿಲ್ಲ. ಕಾರಣ ಕೇಳಿದೆ. "ತ್ರಿವೇಣಿಯವರ 'ಶರಪಂಜರ' ಹತ್ತು ಸಲ ಓದಿದೀನಿ" ಎಂದರು. ಹೆರಿಗೆಯ ನಂತರ ಮನಸ್ಸು ಕೆಟ್ಟು, ಚಿಕಿತ್ಸೆ ಪಡೆದು ಗುಣವಾಗಿ ಬಂದವಳನ್ನು ಮನೆಯವರೇ ನಂಬದ ಕಥೆ ಅದು. ತ್ರಿವೇಣಿ ಮನಶ್ಶಾಸ್ತ್ರ ಓದಿದವರು, 1963ರಲ್ಲೇ ತೀರಿಕೊಂಡರು. ಅಷ್ಟು ಹಿಂದೆ ಬರೆದ ಒಂದು ಕಾದಂಬರಿ ಈ ಅಮ್ಮನನ್ನು ಧೈರ್ಯವಾಗಿ ನನ್ನ ಎದುರು ತಂದು ಕೂರಿಸಿತ್ತು. ನನಗೆ ಆ ದಿನವೆಲ್ಲ ಅದೇ ಗುಂಗು.

ಓದಲಾಗುತ್ತಿಲ್ಲ ಎಂದ ತಕ್ಷಣ ಎಲ್ಲವನ್ನೂ ದುಃಖದ ತಲೆಗೆ ಕಟ್ಟಬಾರದು. ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಕನ್ನಡಕದ ನಂಬರು ಬದಲಾಗಿತ್ತು, ಬಲಗಣ್ಣಲ್ಲಿ ಪೊರೆ ಶುರುವಾಗಿತ್ತು. ಥೈರಾಯ್ಡ್, ಬಿ12 ನೋಡಿಸಲು ಹೇಳಿದೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಸಾಯಬೇಕು ಅಂತ ಅನ್ನಿಸುತ್ತಾ ಎಂದು ನೇರವಾಗಿಯೇ ಕೇಳಿದೆ. ಈ ಕೊನೆಯ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಎಷ್ಟೋ ಜನರಿಗೆ ಉಸಿರು ಹಗುರಾಗುತ್ತದೆ. ಟೀಚರಿಗೆ ಅಂಥ ಯೋಚನೆ ಇರಲಿಲ್ಲ. ನಿದ್ದೆ ಮಾತ್ರ ಬೆಳಗಿನ ಜಾವ ಮೂರಕ್ಕೇ ಮುಗಿದುಹೋಗುತ್ತಿತ್ತು.

ದುಃಖದಲ್ಲಿರುವ ಮನಸ್ಸಿಗೆ ಹಿಂದಿನ ಸಾಲು ನೆನಪಿಟ್ಟುಕೊಂಡು ಮುಂದಿನ ಸಾಲಿಗೆ ಹೋಗುವಷ್ಟು ತ್ರಾಣ ಇರುವುದಿಲ್ಲ. ನಿದ್ದೆಯೂ ಇಲ್ಲದಿದ್ದರೆ ಇನ್ನೂ ಕಷ್ಟ. ಇದು ಬರುವಂಥದ್ದೇ, ಓದುವ ಶಕ್ತಿ ಎಲ್ಲೂ ಹೋಗಿಲ್ಲ ಎಂದು ಅವರಿಗೆ ಹೇಳಿದೆ. ಮಗ ಪ್ರೀತಿಯಿಂದ ಹೊಸ ಕಾದಂಬರಿಗಳನ್ನು ತಂದುಕೊಟ್ಟಿದ್ದ. ಅವನ್ನು ಸದ್ಯಕ್ಕೆ ಪಕ್ಕಕ್ಕಿಡಿ ಎಂದೆ. ಹೊಸ ಪುಸ್ತಕದಲ್ಲಿ ಹೊಸ ಹೆಸರು, ಹೊಸ ಮನೆ, ಹೊಸ ಜಗಳ. ಅಷ್ಟನ್ನೆಲ್ಲ ಹೊರಲು ಈಗ ಆಗುವುದಿಲ್ಲ. ಊರಿಂದ ಆ ಹೊಲಿದ ಕಾದಂಬರಿಗಳನ್ನು ತರಿಸಿಕೊಳ್ಳಿ, ದಿನಕ್ಕೆ ಒಂದೇ ಪುಟ, ಅದೂ ಗಟ್ಟಿಯಾಗಿ ಓದಿ ಎಂದೆ. ಕಥೆ ಗೊತ್ತಿರುವುದರಿಂದ ಮನಸ್ಸು ಎಲ್ಲೋ ಹೋಗಿ ಬಂದರೂ ದಾರಿ ತಪ್ಪುವುದಿಲ್ಲ ಅಲ್ವಾ?

ಓದಿನ ವಿಷಯದಲ್ಲಿ ಈ ಸಲಹೆ ಸರಿಹೋಯಿತು. ಬರವಣಿಗೆಯ ವಿಷಯದಲ್ಲಿ ನಾನು ಎಡವಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಬದುಕಿನ ಕಹಿ ಘಟನೆಯ ಬಗ್ಗೆ ಬರೆದರು. ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆಮೇಲೆ ಇದರ ಮೇಲೆ ನೂರಾರು ಅಧ್ಯಯನಗಳು ನಡೆದಿವೆ. ಪ್ರಯೋಜನ ಇದೆ, ಆದರೆ ಅದು ಸಣ್ಣದು, ಎಲ್ಲರಿಗೂ ಸಿಗುವುದೂ ಇಲ್ಲ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗುವುದೂ ಉಂಟು. ಇದೆಲ್ಲ ಗೊತ್ತಿದ್ದೂ, ಟೀಚರ್ ಬರೆಯಬಲ್ಲವರು ಅನ್ನುವ ಭರವಸೆಯಲ್ಲಿ, ಯಜಮಾನರು ಹೋದ ರಾತ್ರಿಯ ಬಗ್ಗೆ ಬರೆಯಿರಿ ಎಂದುಬಿಟ್ಟೆ.

ಮುಂದಿನ ವಾರ ಅವರು ಖಾಲಿ ಕೈಯಲ್ಲಿ ಬಂದರು. ಎರಡು ದಿನ ಬರೆದಿದ್ದರು. ಮೂರನೇ ದಿನ ಹಾಳೆ ಹರಿದು ಹಾಕಿ ಬೆಳಗಿನವರೆಗೆ ಅತ್ತಿದ್ದರು. ಜೊತೆಗೆ ಇನ್ನೊಂದು ಸಂಗತಿಯೂ ಹೊರಗೆ ಬಂತು. ಮೂವತ್ತೈದು ವರ್ಷ ಮಕ್ಕಳಿಗೆ ಉಕ್ತಲೇಖನ ಬರೆಸಿ ತಿದ್ದಿದ ಕೈ ಅದು. ತಾವು ಬರೆದ ಸಾಲಿನಲ್ಲೂ ಒತ್ತಕ್ಷರ ಸರಿಯಾ, ದೀರ್ಘ ಬಿಟ್ಟೆನಾ ಎಂದು ನೋಡುತ್ತಿದ್ದರಂತೆ. ಗಂಡನ ಸಾವನ್ನು ಬರೆಯುತ್ತ ಕಾಗುಣಿತ ತಿದ್ದುವ ಸಂಕಟ ಎಂಥದಿರಬಹುದು! ನನ್ನ ಅವಸರಕ್ಕೆ ಅವರ ಕ್ಷಮೆ ಕೇಳಿದೆ. ಆ ರಾತ್ರಿಯನ್ನು ಬರೆಯುವುದು ಬೇಡ, ಯಾವತ್ತಾದರೂ ತಾನಾಗಿ ಬಂದರೆ ಬರಲಿ ಎಂದೆ.

ದಾರಿ ಸಿಕ್ಕಿದ್ದು ಊರಿಂದ ಬಂದ ಟ್ರಂಕಿನಲ್ಲಿ. ಕಾದಂಬರಿಗಳ ಅಡಿಯಲ್ಲಿ ಯಜಮಾನರ ಲೆಕ್ಕದ ಪುಸ್ತಕ ಇತ್ತು. ಅದನ್ನು ಅವರು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ಉದ್ದನೆಯ ಪುಸ್ತಕ, ರಟ್ಟಿನ ಮೂಲೆಯಲ್ಲಿ ಅಡಿಕೆ ಚೊಗರಿನ ಕಂದು ಕಲೆ. ಎಡಪುಟದಲ್ಲಿ ಮಾತ್ರ ಬರೆಯುವ ಅಭ್ಯಾಸವಂತೆ, ಶಾಯಿ ಹಿಂದಕ್ಕೆ ಇಳಿಯುತ್ತದೆ ಎಂದು. 'ಮೈಲುತುತ್ತ, ಸುಣ್ಣ. ಔಷಧಿ ಹೊಡೆದವರಿಗೆ ಕೂಲಿ. ಹಿಂಡಿ 1 ಮೂಟೆ. ಇವಳಿಗೆ ಕನ್ನಡಕದ ದಾರ.' ಬಲಪುಟ ಎಲ್ಲ ಖಾಲಿ.

ಆ ಖಾಲಿ ಪುಟದಲ್ಲಿ ನೀವು ಬರೆಯಬಹುದಾ ಎಂದು ಕೇಳಿದೆ. ದಿನಕ್ಕೆ ಹತ್ತು ನಿಮಿಷ. ಎಡಗಡೆ ಏನಿದೆಯೋ ಅದರ ಬಗ್ಗೆ ಸುಮ್ನೆ ನೆನಪಾದದ್ದು. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ, ಪುಸ್ತಕದ ಕನ್ನಡ ಬೇಡ. ತಪ್ಪು ತಿದ್ದಕೂಡದು. ಎದೆ ಭಾರವಾದರೆ ಸಾಲಿನ ಮಧ್ಯದಲ್ಲೇ ನಿಲ್ಲಿಸಿ ಎದ್ದು ಹೋಗಿ, ಮುಗಿಸಲೇಬೇಕು ಅಂತೇನೂ ಇಲ್ಲ. ರಾತ್ರಿ ಬೇಡ, ಬೆಳಗಿನ ಕಾಫಿ ಆದ ಮೇಲೆ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಎದುರಿಗೆ ಅವರು ಬರೆದದ್ದು ಒಂದೂವರೆ ಪುಟ. ಆ ವರ್ಷ ಮಳೆ ಬಿಡದೆ ಹೊಡೆದು ಅಡಿಕೆಗೆ ಕೊಳೆ ಬಂದದ್ದು, ಯಜಮಾನರು ಉದುರಿದ ಕಾಯಿ ಆರಿಸುತ್ತ ಒಂದು ಮಾತೂ ಆಡದೆ ಇದ್ದದ್ದು, ಇವರು ಬೇಕೆಂತಲೇ ಸಾರಿಗೆ ಉಪ್ಪು ಜಾಸ್ತಿ ಹಾಕಿ ಅವರನ್ನು ಮಾತಾಡಿಸಿದ್ದು. ಅದನ್ನು ಓದಿ ಹೇಳುವಾಗ ಟೀಚರ್ ನಕ್ಕರು. ನಾನು ಅವರ ನಗು ನೋಡಿದ್ದು ಅದೇ ಮೊದಲು.

ಮನೆಯವರಿಗೂ ಎರಡು ಮಾತು ಹೇಳಿದೆ. ಆ ಪುಸ್ತಕವನ್ನು ಕೇಳದೆ ಬಿಚ್ಚಬೇಡಿ, ಚೆನ್ನಾಗಿದೆ, ಪ್ರಿಂಟ್ ಮಾಡಿಸೋಣ ಎಂದು ಒತ್ತಾಯಿಸಲೂ ಬೇಡಿ. ಸಂಜೆ ಮೊಮ್ಮಗಳಿಗೆ ಕಥೆ ಓದಿ ಹೇಳುವ ಕೆಲಸವನ್ನು ಅಜ್ಜಿಗೆ ಬಿಡಿ. ಮಗು "ಆಮೇಲೆ?" ಎಂದು ಕೇಳಿದರೆ ಮುಂದಿನ ಸಾಲು ತಾನಾಗಿ ಓದಿಸಿಕೊಳ್ಳುತ್ತದೆ.

ಇದನ್ನು ಓದುವವರಲ್ಲಿ ಕೆಲವರಿಗಾದರೂ ಇದು ತಮ್ಮ ಮನೆಯ ಕಥೆ ಅನ್ನಿಸಬಹುದು. ಓದು, ಬರಹ ಒಳ್ಳೆಯ ಊರುಗೋಲು, ನನಗೆ ಅದರಲ್ಲಿ ನಂಬಿಕೆ ಇದೆ. ಆದರೆ ಎರಡು ವಾರ ಕಳೆದರೂ ನಿದ್ದೆ, ಊಟ ಹತ್ತಿರ ಸುಳಿಯದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಪುಸ್ತಕದ ಭರವಸೆಯಲ್ಲಿ ಕಾಯಬೇಡಿ, ಡಾಕ್ಟರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಟೀಚರ್ ಐದು ತಿಂಗಳಲ್ಲಿ ಹನ್ನೊಂದು ಸಲ ಬಂದರು. ನಿದ್ದೆ ಈಗ ಐದರವರೆಗೆ ಬರುತ್ತದೆ. ಅಳು ಪೂರ್ತಿ ನಿಂತಿಲ್ಲ, ನಿಲ್ಲಬೇಕು ಅಂತ ನಾನೂ ಹೇಳಿಲ್ಲ. ಹತ್ತನೇ ಸಲ ಬಂದಾಗ ಅವರ ಮುಖದಲ್ಲಿ ಗಾಬರಿ ಇತ್ತು. ಯಜಮಾನರ ಬರಹ ಇನ್ನು ನಾಲ್ಕೇ ಪುಟ ಉಳಿದಿದೆ, ಆಮೇಲೆ ಎಡಪುಟವೂ ಖಾಲಿ. "ಆಮೇಲೆ ಎಂತ ಮಾಡ್ಲಿ ಮೇಡಂ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪುಟ ಬಂದಾಗ ನೋಡೋಣ ಟೀಚರ್, ಎಂದೆ.

ಕೊನೆಯ ಸಲ ಬಂದಾಗ ಪುಸ್ತಕವನ್ನು ತೆರೆದು ನನ್ನ ಕಡೆ ತಿರುಗಿಸಿದರು. ಎಡಪುಟದಲ್ಲಿ ಶಿಕ್ಷಕಿಯ ದುಂಡನೆಯ ಅಕ್ಷರ, ಆ ವಾರದ ತಾರೀಖು. 'ಕೊತ್ತಂಬರಿ ಸೊಪ್ಪು 20. ಆಟೋ 60. ಪುಟ್ಟಿಗೆ ಬಣ್ಣದ ಪೆನ್ಸಿಲ್ 45.'