ಹೊಳೆ ನಿಂತರೆ ಇಂಗಾಲ ಎಲ್ಲಿಗೆ ಹೋಗುತ್ತದೆ?

ಪ್ರಿಯರೇ,

ಬರಗಾಲದ ಅಳಿವೆಗಳ, ಅಂದರೆ ಹೊಳೆ ಕಡಲು ಸೇರುವ ಜಾಗಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ಜಗತ್ತಿನ ಹವಾಮಾನದ ವಿಚಾರಕ್ಕೇ ಹೋಗಿದೆ. ತೆಗೆದುಬಿಡಿ. ನಾಲ್ಕನೇ ಪುಟದಲ್ಲಿ ಮಂಗಳೂರಿನ ಕೂಳೂರಿನ ಹೊಳೆಯಲ್ಲಿ ಮರುವಾಯಿ (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಹೆಂಗಸು ‘ಏಪ್ರಿಲ್ ಬಂದರೆ ಕೆಸರಿನ ವಾಸನೆಯೇ ಬೇರೆ’ ಅನ್ನುತ್ತಾರಲ್ಲ, ಅಲ್ಲಿಂದ ಶುರು ಮಾಡಿ. ಆ ಮಾತು ಬರೆದುಕೊಂಡ ನೀವು, ಯಾಕೆ ಬೇರೆ ಎಂದು ಹುಡುಕದೆ ಮುಂದೆ ಹೋದಿರಿ. ಹೊಳೆ ಸೊರಗಿದಾಗ ಕಡಲ ನೀರು ಒಳಗೆ ಏರುತ್ತದೆ, ಜೊತೆಗೆ ಸಲ್ಫೇಟ್ ಎಂಬ ಗಂಧಕದ ಲವಣ ತರುತ್ತದೆ. ಆಮ್ಲಜನಕ ಸಿಗದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಆ ಸಲ್ಫೇಟನ್ನೇ ಬಳಸಿ ಸತ್ತ ಎಲೆ, ಪಾಚಿಯನ್ನು ಕರಗಿಸುತ್ತವೆ. ಆಗ ಹುಟ್ಟುವ ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ. ಈ ಬ್ಯಾಕ್ಟೀರಿಯಾಗಳ ಪೈಪೋಟಿಯಲ್ಲಿ ಮೀಥೇನ್ ಮಾಡುವ ಜೀವಿಗಳು ಹಿಂದೆ ಬೀಳುತ್ತವೆ. ಉಪ್ಪು ತಲುಪದ ಕಡೆ, ಕಿಂಡಿ ಅಣೆಕಟ್ಟಿನ ಹಿಂದೆ ನಿಂತ ಸಿಹಿನೀರಿನ ತಳದಲ್ಲಿ, ಮೀಥೇನಿನದೇ ಮೇಲುಗೈ. ಆದ್ದರಿಂದ ‘ಬರದಲ್ಲಿ ಮೀಥೇನ್ ಹೆಚ್ಚುತ್ತದೆ’ ಎಂದು ಇಡೀ ಹೊಳೆಗೆ ಒಂದೇ ಮಾತು ಹೇಳಬೇಡಿ.

‘ಹರಿವು ನಿಂತರೆ ಇಂಗಾಲದ ಕೆಲಸವೂ ನಿಲ್ಲುತ್ತದೆ’ ಎಂಬ ವಾಕ್ಯವಂತೂ ತಪ್ಪು. ಜುಲೈಯ ನೆರೆಯಲ್ಲಿ ಘಟ್ಟದ ತರಗೆಲೆ, ಮಣ್ಣು ಹೆಚ್ಚು ಹೊತ್ತು ತಂಗದೆ ಕಡಲು ಸೇರುತ್ತವೆ. ಬೇಸಿಗೆಯಲ್ಲಿ ನೀರು ಭರತ ಇಳಿತಕ್ಕೆ ಅಲ್ಲಲ್ಲೇ ಹಿಂದೆ ಮುಂದೆ ಆಡುತ್ತದೆ. ಬಂದದ್ದು ಅಲ್ಲೇ ಕೊಳೆತು, ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರಲು ಬೇಕಾದಷ್ಟು ಸಮಯ ಸಿಗುತ್ತದೆ. ಊರಿನ ಚರಂಡಿಯೋ, ಬರ ಬಂತೆಂದು ನಿಲ್ಲುವುದಿಲ್ಲ. ಅದನ್ನು ತೆಳುಮಾಡುವ ಹೊಳೆನೀರು ಮಾತ್ರ ಇಲ್ಲ. ಚರಂಡಿ ತರುವ ಸಾರಜನಕ, ರಂಜಕ ಉಂಡು ಬೆಳೆದ ಪಾಚಿ ಹಗಲು ಇಂಗಾಲ ಹೀರುತ್ತದೆ, ರಾತ್ರಿ ಉಸಿರಾಡಿ ಹೊರಬಿಡುತ್ತದೆ, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ಕಸಿಯುತ್ತದೆ. ಮಧ್ಯಾಹ್ನದ ಒಂದೇ ಅಳತೆ ನಂಬಿ ‘ಅಳಿವೆ ಇಂಗಾಲ ಹೀರುತ್ತಿದೆ’ ಎಂದು ನೀವು ಬರೆದದ್ದನ್ನು ಈ ಕಾರಣಕ್ಕೇ ಒಪ್ಪಲಾಗದು.

ಭಾಷೆಯ ತೊಡಕು ಸಣ್ಣದು, ನಾನು ತಿದ್ದಬಲ್ಲೆ.

2019ರ ಮೇಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರಿಗೆ ರೇಷನಿಂಗ್ ಆದಾಗ ನಾವೆಲ್ಲ ನಲ್ಲಿಯನ್ನೇ ನೋಡಿದೆವು. ಅಣೆಕಟ್ಟಿನಿಂದ ಕೆಳಗೆ, ಅಡ್ಯಾರಿನಿಂದ ಉಳ್ಳಾಲದವರೆಗಿನ ನೇತ್ರಾವತಿಗೆ ಏನಾಯಿತೆಂದು ನಾನು ಯಾರಿಂದಲೂ ಬರೆಸಲಿಲ್ಲ. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ.

ಮಳೆ ಹಿಡಿಯುವ ಮೊದಲು ಕೂಳೂರಿಗೆ ಮತ್ತೊಮ್ಮೆ ಹೋಗಿ. ನಸುಕಿನಲ್ಲೊಮ್ಮೆ, ನಡುಹಗಲಲ್ಲೊಮ್ಮೆ ಉಪ್ಪು, ಆಮ್ಲಜನಕ ಅಳೆಯಿರಿ, ಭರತದ ಹೊತ್ತು ಬರೆದಿಡಿ. ಆ ಹೆಂಗಸಿನ ಜೊತೆ ಇನ್ನೂ ಸ್ವಲ್ಪ ಹೊತ್ತು ಕೂತು ಮಾತಾಡಿ.