ಲೇಯರ್ ಫಾಂಟ್‌ನಲ್ಲಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿಲ್ಲ, ಏನು ಮಾಡಲಿ?

ನೆರಳಿಗೊಂದು, ಮೈಗೊಂದು, ಒಳಗೆರೆಗೊಂದು ಅಂತ ಮೂರು ಫಾಂಟ್ ಪೇರಿಸಿದ್ದೀರಿ. ಮೊದಲ ಅಕ್ಷರ ಸರಿಯಾಗಿ ಕೂತಿದೆ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ನೆರಳು ಒಂದು ಕಡೆ, ಮೈ ಇನ್ನೊಂದು ಕಡೆ. ಹೀಗೇ ಅಲ್ವಾ? ಫಾಂಟನ್ನು ಬೈಯುವ ಮೊದಲು ಕರ್ನಿಂಗ್, ಅಂದರೆ ಅಕ್ಷರ ಅಕ್ಷರಗಳ ನಡುವಿನ ಅಂತರದ ಸೆಟ್ಟಿಂಗ್, ನೋಡಿ. 'ಆಪ್ಟಿಕಲ್' ಅಂತಿದ್ದರೆ 'ಮೆಟ್ರಿಕ್ಸ್' (ಫಾಂಟಿನೊಳಗೇ ಇರುವ ಲೆಕ್ಕ) ಮಾಡಿ. ಬಹುಪಾಲು ಇದೇ ತೊಂದರೆ.

ಇಂಥ ಫಾಂಟ್ ಮಾಡುವವರು ಎಲ್ಲ ಪದರದಲ್ಲೂ ಅಕ್ಷರದ ಅಗಲ, ಕರ್ನಿಂಗ್ ಎರಡನ್ನೂ ಒಂದೇ ಇಡುತ್ತಾರೆ. ಕೂದಲೆಳೆಯಷ್ಟು ತೆಳು ಗೆರೆಯ 'ಓ'ಗೂ ದಪ್ಪ ನೆರಳಿನ 'ಓ'ಗೂ ಸಿಗುವ ಜಾಗ ಅಷ್ಟೇ. ಆಪ್ಟಿಕಲ್‌ನಲ್ಲಿ ಸಾಫ್ಟ್‌ವೇರ್ ಆ ಲೆಕ್ಕ ಬಿಟ್ಟು ಆಕಾರ ನೋಡಿ ತಾನೇ ಅಂತರ ಹಾಕುತ್ತದೆ. ಪದರಕ್ಕೊಂದು ಆಕಾರ, ಹಾಗಾಗಿ ಪದರಕ್ಕೊಂದು ಅಂತರ. ವೃತ್ತ, ಚೌಕ, ತ್ರಿಕೋನದಿಂದ ಕಟ್ಟಿದ ಅಕ್ಷರಗಳಲ್ಲಿ ಒಂದು ಕೂದಲಷ್ಟು ಸರಿದರೂ ಕಣ್ಣಿಗೆ ಹೊಡೆಯುತ್ತದೆ.

ನಾನು ಮಾಡುವುದು ಹೀಗೆ: ಮೊದಲು ಒಂದೇ ಪದರದಲ್ಲಿ ಪಠ್ಯ ಪೂರ್ತಿ ಮುಗಿಸುತ್ತೇನೆ. ಆಮೇಲೆ ಕಾಪಿ ಮಾಡಿ ಅದೇ ಜಾಗಕ್ಕೆ ಪೇಸ್ಟ್ ಮಾಡಿ, ಫಾಂಟ್ ಮತ್ತು ಬಣ್ಣ ಮಾತ್ರ ಬದಲಿಸುತ್ತೇನೆ. ಪೇರಿಸಿದ ಮೇಲೆ ಕಾಗುಣಿತದ ತಪ್ಪು ಸಿಕ್ಕಿದರೆ ಮೂರು ಕಡೆ ತಿದ್ದಬೇಕು, ಸುಮ್ನೆ ತಲೆನೋವು.

ಪ್ರಿಂಟ್‌ಗೆ ಹೋಗುವುದಾದರೆ ಇನ್ನೊಂದು ವಿಷಯ. ಒಮ್ಮೆ ಹಳದಿ ಮೈ, ಕಪ್ಪು ಅಂಚಿನ ಪೋಸ್ಟರ್ ಮಾಡಿದ್ದೆ. ಅಚ್ಚಾಗಿ ಬಂದಾಗ ಎರಡರ ನಡುವೆ ಬಿಳಿ ದಾರದಂಥ ಗೆರೆ! ಕಾಗದ ಚೂರು ಸರಿದಿತ್ತು, ಅಷ್ಟೇ. ಈಗ ಹಳದಿಯನ್ನು ಕಪ್ಪಿನ ಅಡಿಗೆ ಸ್ವಲ್ಪ ಚಾಚಿ, ಕಪ್ಪಿಗೆ ಓವರ್‌ಪ್ರಿಂಟ್ ಹಾಕುತ್ತೇನೆ, ಅಂದರೆ ಅಡಿಯ ಬಣ್ಣ ಕತ್ತರಿಸದೆ ಅದರ ಮೇಲೇ ಕಪ್ಪು ಅಚ್ಚಾಗುತ್ತದೆ.

ಹೀಗೆ ಬಣ್ಣ ಪೇರಿಸುವುದೇನು ಹೊಸ ಕಸರತ್ತಲ್ಲ. ಅಮೆರಿಕದ ವಿಲಿಯಂ ಪೇಜ್ 1874ರಲ್ಲೇ ಬಣ್ಣಕ್ಕೊಂದರಂತೆ ಕೆತ್ತಿದ ಮರದಚ್ಚುಗಳ ಮಾದರಿ ಪುಸ್ತಕ ತಂದಿದ್ದ. ಎರಡು ಶಾಯಿ ಒಂದರ ಮೇಲೊಂದು ಬಿದ್ದಲ್ಲಿ ಮೂರನೇ ಬಣ್ಣ ಪುಕ್ಕಟೆ. ಪದರವನ್ನು 'ಮಲ್ಟಿಪ್ಲೈ'ಗೆ (ಕೆಳಗಿನ ಬಣ್ಣದೊಂದಿಗೆ ಬೆರೆಸುವ ಆಯ್ಕೆ) ಹಾಕಿದರೆ ಪರದೆಯ ಮೇಲೂ ಹೆಚ್ಚುಕಡಿಮೆ ಅದೇ ಮಜಾ. ಬಣ್ಣ ಮಾತ್ರ ಮೂರಕ್ಕಿಂತ ಜಾಸ್ತಿ ಬೇಡ, ಓದಲಾಗುವುದಿಲ್ಲ.

ಕೈ ಪಳಗಿಸಲು ಗೂಗಲ್ ಫಾಂಟ್ಸ್‌ನಲ್ಲಿ 'ಬಂಜೀ' ಎಂಬ ಲೇಯರ್ ಫಾಂಟ್ ಉಚಿತವಾಗಿದೆ. ವೆಬ್‌ಸೈಟಿಗೆ ಪೇರಿಸುವುದಾದರೆ ಮೇಲಿನ ಪ್ರತಿಗಳನ್ನು ಸ್ಕ್ರೀನ್ ರೀಡರ್‌ನಿಂದ (ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್) ಮರೆಮಾಡಿ. ಇಲ್ಲದಿದ್ದರೆ ಅದು ನಿಮ್ಮ ಶೀರ್ಷಿಕೆಯನ್ನು ಮೂರು ಸಲ ಓದುತ್ತದೆ.